ತುಟಿಯ ಮೇಲಿನ ಕೆಂಪು

ಸರೋಜವ್ವ ಒದ್ದೆ ಬಟ್ಟೆಯಿಂದ ಗಂಡನ ತುಟಿಯನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ವಾಸನೆ ಹೋಗಲೊಲ್ಲದು. ಹಾನಗಲ್ಲಿನ ತವರಿನಲ್ಲಿ, ಕೆರೆಯ ದಂಡೆಯ ನೇರಳೆ ಮರದ ಕೆಳಗೆ ಉದುರಿದ ಹಣ್ಣು ಬಿಸಿಲಿಗೆ ಹುಳಿತು ಬರುತ್ತಿದ್ದ ವಾಸನೆ ಅದು. ಚಿಕ್ಕವಳಿದ್ದಾಗ ಅದು ಮೂಗಿಗೆ ಬಂದರೆ ಸಾಕು, ಲಂಗ ಎತ್ತಿ ಹಿಡಿದು ಓಡುತ್ತಿದ್ದಳು. ಇಂದು ಅದೇ ವಾಸನೆಯನ್ನು ಬೇರೆಯವರ ಮೂಗಿಗೆ ಮುಟ್ಟುವ ಮೊದಲೇ ಒರೆಸಿಬಿಡಬೇಕಿತ್ತು.

ಗಂಡ ಉಳಿವೆಪ್ಪನ ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಶಿಗ್ಗಾಂವಿಯ ಆ ಓಣಿಯೆಲ್ಲ ಅಂಗಳದಲ್ಲಿ ನೆರೆದಿತ್ತು. ಅಯ್ಯನವರು ಪಾದೋದಕದ ಬಟ್ಟಲು ಹಿಡಿದು ಹೆಣದ ಬಾಯಿಯತ್ತ ಬಾಗಿದವರು ಹಾಗೇ ನಿಂತರು.

"ಏನವ್ವಾ ಇದು? ಬಾಯಿ ದಾರೂ ನಾರತೈತಿ."

ಅಂಗಳದಲ್ಲಿ ನಡೆದಿದ್ದ ಭಜನೆ ನಿಂತಿತು.

"ಔಷಧದ ವಾಸ್ನೀರಿ ಅಯ್ಯಾರ," ಎಂದಳು ಸರೋಜವ್ವ.

"ಔಷಧ ಯಾವ್ದು, ದಾರೂ ಯಾವ್ದು ನನಗ ತಿಳ್ಯಾಂಗಿಲ್ಲೇನು?"

ಬಾಗಿಲಲ್ಲಿದ್ದ ನೆರೆಮನೆಯ ಫಕ್ಕೀರವ್ವ ಸೆರಗು ಬಾಯಿಗಿಟ್ಟಳು. "ಲಾರಿ ಹೊಡ್ಯಾವ್ರು ಒಣಾ ಇರ್ತಾರೇನವ್ವಾ? ಗಾಡಿಗಿ ಡೀಜಲ್ಲು, ಡ್ರೈವರಗ ಅದು."

ಹಿಂದೆ ಯಾರೋ ನಕ್ಕರು. ಉಳಿವೆಪ್ಪನ ಲಾರಿಯ ಕ್ಲೀನರ್ ಮಲ್ಲಿಕಸಾಬ ತಡೆಯಲಾರದೆ ಅಂದ, "ಇಷ್ಟ ವರ್ಷ ಜೋಡಿ ತಿರಿಗೇನ್ರಿ. ಚಾ ಬಿಟ್ರ ಬ್ಯಾರೆ ಮುಟ್ಟಿದವ್ರಲ್ರಿ."

"ನಿನ್ನ ಯಾರ ಕೇಳ್ಯಾರೋ?" ಎಂದ ಉಳಿವೆಪ್ಪನ ಅಣ್ಣ ಕರಿಬಸಪ್ಪ.

ಅಯ್ಯನವರು ಬಟ್ಟಲು ಕೆಳಗಿಟ್ಟರು. "ಕುಡದು ಸತ್ತಂವನ ತಲಿ ಮ್ಯಾಲೆ ನಾ ಪಾದಾ ಇಡಾಂಗಿಲ್ಲ."

ನೆತ್ತಿಯ ಮೇಲೆ ಅಯ್ಯನವರ ಪಾದ ಬೀಳದೆ ಆ ಮನೆತನದ ಯಾರನ್ನೂ ಈವರೆಗೆ ಕುಣಿಗೆ ಇಳಿಸಿರಲಿಲ್ಲ. ಪಾದ ಬೀಳದ ಹೆಣ ದಿಕ್ಕಿಲ್ಲದ ಹೆಣ. ಸರೋಜವ್ವನ ಕೈಯೊಳಗಿನ ಬಟ್ಟೆ ಕೆಳಗೆ ಬಿತ್ತು.

*

ಗಂಟಲಲ್ಲಿ ಹುಣ್ಣಾಗಿ ಉಳಿವೆಪ್ಪನಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಸಕ್ಕರೆ ಇಟ್ಟರೂ ಉಪ್ಪು ಇಟ್ಟರೂ ನಾಲಿಗೆಗೆ ಮಣ್ಣು. ನಿನ್ನೆ ಸಂಜೆ ಅವನು ಅಟ್ಟದ ಕಡೆ ಕೈ ತೋರಿಸಿದ.

ಗೋವಾ ಬಿಡುಗಡೆಯಾದ ಮರುವರ್ಷ ಅಲ್ಲಿನ ಬಂದರಿಗೆ ಮೆಣಸಿನಕಾಯಿ ಒಯ್ದಿದ್ದಾಗ, ಕೈ ಜಜ್ಜಿಹೋಗಿದ್ದ ಸ್ಪೇನ್ ದೇಶದ ಹಡಗಿನವನೊಬ್ಬನನ್ನು ಲಾರಿಯಲ್ಲೇ ದವಾಖಾನೆಗೆ ಮುಟ್ಟಿಸಿದ್ದ. ಆತ ಕೊಟ್ಟ ಸೀಸೆ ಆ ಅಟ್ಟದ ಮೇಲಿತ್ತು. ತಾನು ಹುಟ್ಟಿದ ವರ್ಷ ತನ್ನಪ್ಪ ಮರದ ಪೀಪಾಯಿಗೆ ತುಂಬಿಟ್ಟ ದ್ರಾಕ್ಷಿಯ ರಸವೆಂದು ಸನ್ನೆಯಲ್ಲೇ ತಿಳಿಸಿದ್ದನಂತೆ. ಬೇಡವೆನ್ನಲು ಉಳಿವೆಪ್ಪನಿಗೆ ಬಾಯಿ ಬಂದಿರಲಿಲ್ಲ. ದಾರೂಬಂದಿಯ, ಸೀಸೆ ಸಿಕ್ಕರೆ ಜೈಲಾಗುವ ತನ್ನ ಸೀಮೆಗೆ ಹೆದರುತ್ತಲೇ ತಂದವನು ಒಮ್ಮೆಯೂ ಅದರ ಬಿರಡೆ ಮುಟ್ಟಿರಲಿಲ್ಲ.

ಹಳೆಯ ಬಿರಡೆ ಚಾಕುವಿಗೆ ಪುಡಿಯಾಯಿತು. ಸರೋಜವ್ವ ಹಾಲು ಸೋಸುವ ಬಟ್ಟೆಯಲ್ಲಿ ಸೋಸಿ ಒಂದು ಚಮಚ ಅವನ ಬಾಯಿಗೆ ಬಿಟ್ಟಳು. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ನಾಲಿಗೆಯ ಮೇಲೇ ಇಟ್ಟುಕೊಂಡ.

"ಹತ್ತಾಕತ್ತೈತಿ," ಅಂದ. "ಸರೋಜಾ, ರುಚಿ ಹತ್ತಾಕತ್ತೈತಿ."

"ಏನ ಹತ್ತತೈತ್ರಿ?"

"ಮೊದ್ಲ ಒಗರು. ಆಮ್ಯಾಲ ಒಣದ್ರಾಕ್ಷಿ. ಹಳೀ ತೊಲಿ ವಾಸ್ನಿ... ಹಸೀ ಹೊಲಾ. ನೀನೂ ನೋಡ."

"ಛೀ, ನಾ ಒಲ್ಲೆ."

ಆದರೂ ಚಮಚದ ಅಂಚು ನೆಕ್ಕಿದಳು. ಎಳೆ ಬಾಳೆಕಾಯಿ ಕಚ್ಚಿದಂತೆ ಬಾಯಿ ಒಣಗಿತು. ಒಣಗಿದಲ್ಲೇ ಏನೋ ಬೆಚ್ಚಗೆ ಬಿಚ್ಚಿಕೊಂಡಿತು. ಅವಳ ಮುಖ ನೋಡಿ ಅವನು ಸದ್ದಿಲ್ಲದೆ ನಕ್ಕ. ಬೆಳಗಾಗುವ ಮೊದಲೇ ಹೋಗಿಬಿಟ್ಟ.

*

"ನಾನ ಕೊಟ್ಟೇನ್ರಿ!" ಸರೋಜವ್ವ ಒಳಗಿನಿಂದ ಸೀಸೆ ತಂದು ಅಯ್ಯನವರ ಮುಂದೆ ಹಿಡಿದಳು. "ನೋಡ್ರಿ, ಕೊಳ್ಳಿನ ಮಟಾ ಹಂಗ ಐತಿ. ಒಂದ ಚಮಚಾರಿ. ನಾನೂ ನೆಕ್ಕೇನಿ. ಪಾಪ ಇದ್ರ ನನಗ ಹಚ್ಚ್ರಿ. ಅವರಿಗೆ ಪಾದಾ ಇಡ್ರಿ."

ಅಯ್ಯನವರು ಸೀಸೆ ನೋಡಿದರು, ಹೆಣದ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕರಿಬಸಪ್ಪ ಎದ್ದು ಬಂದ.

"ಹುಚ್ಚಿ! ಫೌಜದಾರಗ ಗೊತ್ತಾದ್ರ ಹೆಣಾ ಬಿಟ್ಟು ನಮ್ಮನ್ನ ಒಯ್ತಾನ!"

ಕಿತ್ತುಕೊಂಡು ಗಟಾರಕ್ಕೆ ಚೆಲ್ಲಲು ಓಡಿದ. ಹೊಸ್ತಿಲಿಗೆ ಬಡಿದು ಸೀಸೆ ಒಡೆಯಿತು. ಕೆಂಪು ಪಡಸಾಲೆಯಲ್ಲೆಲ್ಲ ಹರಿದು ಉಳಿವೆಪ್ಪನ ಧೋತರದ ಅಂಚಿಗೆ ಏರಿತು. ಇಡೀ ಮನೆ ನಾರಿತು. ಅಯ್ಯನವರು ಧೋತರ ಎತ್ತಿ ಹಿಡಿದು ಆ ಕೆಂಪನ್ನು ದಾಟಿ ಹೊರಗೆ ನಡೆದರು.

"ಅಯ್ಯಾರ..." ಸರೋಜವ್ವ ಅವರ ಕಾಲು ಹಿಡಿಯಲು ಬಾಗಿದಳು. ಸಿಕ್ಕಲಿಲ್ಲ.

ಹೊರುವವರ ಬರಿಗಾಲಿಗೆ ಚುಚ್ಚದಿರಲೆಂದು ಮಲ್ಲಿಕಸಾಬ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸುತ್ತಿದ್ದ.

ಮಧ್ಯಾಹ್ನ ಹೊಲದಲ್ಲಿ, ಕುಣಿಗೆ ಇಳಿಸುವ ಮುನ್ನ, ಸರೋಜವ್ವ ತನ್ನ ಅಂಗೈಯನ್ನೇ ಗಂಡನ ನೆತ್ತಿಯ ಮೇಲಿಟ್ಟಳು. ಕರಿಬಸಪ್ಪ ಅದನ್ನು ತೆಗೆಸಿದ. ಮಣ್ಣು ಬಿತ್ತು.

*

ಸತ್ತವರ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಓಣಿಯವರು ರೊಟ್ಟಿ ತಂದು ಉಣಿಸುವುದು ರೂಢಿ. ಹೊತ್ತು ಮುಳುಗುತ್ತ ಬಂದರೂ ಯಾರೂ ಬರಲಿಲ್ಲ. ಫಕ್ಕೀರವ್ವನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಗೋಡೆಯಾಚೆ ಕೇಳಿ ನಿಂತಿತು.

ಹಿತ್ತಲ ಬಾಗಿಲು ಸರಿಯಿತು. ಅಯ್ಯನವರ ಹೆಂಡತಿ ಸುಶೀಲವ್ವ ಸೆರಗಿನ ಮರೆಯಲ್ಲಿ ತಾಟು ಹಿಡಿದು ನಿಂತಿದ್ದಳು. ಅಯ್ಯನವರು ದಿನಾ ಜೋಳಿಗೆ ಹಿಡಿದು ಓಣಿ ಸುತ್ತಿ ತಂದದ್ದೇ ಆ ಮನೆಯ ಊಟ. ತಾಟಿನಲ್ಲಿ ಒಂದು ದಪ್ಪ ರೊಟ್ಟಿ, ಒಂದು ತೆಳ್ಳಗಿನದು, ಒಂದಕ್ಕೆ ಎಳ್ಳು, ಒಂದರ ಅಂಚು ಸೀದಿತ್ತು. ಒಂದೊಂದು ಒಂದೊಂದು ಮನೆಯದು. ಪಕ್ಕದಲ್ಲಿ ಬಿಸಿ ಝುಣಕ.

ಸುಶೀಲವ್ವ ಒಳಗೆ ಬಂದಳು. ಸರೋಜವ್ವನ ಎರಡೂ ಕೈ ಹಿಡಿದೆತ್ತಿ ತಾಟನ್ನು ಅವುಗಳ ಮೇಲಿಟ್ಟಳು.