ನಲವತ್ತರ ವೇಗದಲ್ಲಿ ಹಿರಿಸೊಸೆ

ಅತ್ತೆಯ ಕಣ್ಣಿಗೆ ತಿಂಗಳಿಗೊಮ್ಮೆ ಇಂಜೆಕ್ಷನ್ ಆಗಬೇಕಿತ್ತು. ಆಸ್ಪತ್ರೆ ಇದ್ದದ್ದು ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಆಚೆ. ನಾಲ್ಕು ವರ್ಷ ಅವರನ್ನು ಕರೆದುಕೊಂಡು ಹೋಗಿ ಬಂದವಳು ಹಿರಿಸೊಸೆ. ಔಷಧದಂಗಡಿಯ ಕೆಲಸಕ್ಕೆ ರಜೆ ಹಾಕಿ, ಮನೆಗಿದ್ದ ಒಂದೇ ಕಾರಿನಲ್ಲಿ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರೆ, ತಾಯಿಯನ್ನು ಕಾಣದೆ ಬೆಳೆದ ಅವಳಿಗೆ ಆ ದಿನವೇ ತಿಂಗಳ ಹಬ್ಬ.

ಹೀಗಿರುವಾಗ ಕಿರಿಸೊಸೆ ಡ್ರೈವಿಂಗ್ ಕಲಿತಳು.

ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವ ಹುಡುಗಿ. ಮೈದುನನನ್ನು ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಒಮ್ಮೆ ಹಿರಿಸೊಸೆಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲವೆಂದು ಇವಳು ಅತ್ತೆಯನ್ನು ಕರೆದೊಯ್ದಳು. ಮರುತಿಂಗಳು ಹಿರಿಸೊಸೆ ರಜೆ ಹಾಕಿ ಬಂದು ನಿಂತರೆ ಅತ್ತೆ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಾ, “ಈ ಸಲವೂ ಅವಳೇ ಬರ್ಲಿ ಬಿಡಮ್ಮಾ. ಅವಳು ಓಡಿಸಿದ್ರೆ ಲೀಟರಿಗೆ ಇಪ್ಪತ್ತು ಬರುತ್ತಂತೆ. ನೀನು ಓಡಿಸಿದ್ರೆ ಹದಿನೈದು. ಪೆಟ್ರೋಲ್ ಸುಮ್ನೆ ಬರುತ್ತಾ?” ಎಂದರು.

ಹಿರಿಸೊಸೆಯ ಹೊಟ್ಟೆಯಲ್ಲಿ ಯಾರೋ ಕಡ್ಡಿ ಗೀರಿದ ಹಾಗಾಯಿತು.

ಅವಳೂ ಗಂಡನೂ ಇದ್ದದ್ದು ಮಹಡಿಯ ಮನೆಯಲ್ಲಿ, ಅತ್ತೆ ಮತ್ತು ಕಿರಿಯ ದಂಪತಿ ಕೆಳಗಿನ ಮನೆಯಲ್ಲಿ. ಆ ಸಂಜೆ ಕಾರು ಬಂದು ನಿಂತಿತು. ಬಾಗಿಲು ತೆರೆಯುವ ಮೊದಲೇ ಒಳಗಿಂದ ನಗು ಕೇಳಿಸಿತು. ಕಿಟಕಿಯ ಹತ್ತಿರ ಬಟ್ಟೆ ಮಡಚುತ್ತಿದ್ದವಳು ಒಂದೇ ಟವೆಲನ್ನು ಮೂರು ಸಲ ಮಡಚಿದಳು. ನಾಲ್ಕು ವರ್ಷದಲ್ಲಿ ಅತ್ತೆ ತನ್ನ ಪಕ್ಕದಲ್ಲಿ ಹೀಗೆ ನಕ್ಕದ್ದುಂಟೇ? ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ನಿದ್ದೆ ಎಂದುಕೊಂಡು ಇವಳು ರೇಡಿಯೋ ಕೂಡ ಹಾಕುತ್ತಿರಲಿಲ್ಲ.

ಗಂಡ ಸಮಾಧಾನ ಹೇಳಲು ಬಂದ. “ನೀನು ನೂರಿಪ್ಪತ್ತರಲ್ಲಿ ಹಾರಿಸ್ತೀಯ. ಅವಳು ಎಂಬತ್ತು ದಾಟಿಸಲ್ಲ. ವೇಗ ಜಾಸ್ತಿಯಾದಷ್ಟೂ ಗಾಳಿ ಎದುರು ತಳ್ಳುತ್ತೆ, ಎಂಜಿನ್ ಪೆಟ್ರೋಲ್ ಕುಡಿಯುತ್ತೆ. ಅಷ್ಟೇ ಕಣೇ.”

“ನಿಮಗೂ ಅವಳೇ ಜಾಣೆ ಅನ್ನಿ!”

“ನಾನು ಗಾಳಿ ವಿಷಯ ಹೇಳಿದ್ದು, ಮಾರಾಯ್ತಿ.”

ಮೂಗು ಮುರಿದರೂ ಮಾತು ತಲೆಯೊಳಗೆ ಕೂತಿತು. ಆ ವಾರ ಅಂಗಡಿಯ ಗೋದಾಮಿಗೆ ಹೋಗುವಾಗ ನೂರಕ್ಕೆ ಇಳಿಸಿ ನೋಡಿದಳು. ಸ್ಟಿಯರಿಂಗ್ ಹಿಂದಿನ ಪುಟ್ಟ ಪರದೆ ಹದಿನೇಳು ತೋರಿಸಿತು. ಅಯ್ಯೋ, ಇಷ್ಟೇನಾ ಗುಟ್ಟು! ನೂರಕ್ಕೆ ಹದಿನೇಳು, ಎಂಬತ್ತಕ್ಕೆ ಇಪ್ಪತ್ತು. ಹಾಗಾದರೆ ನಲವತ್ತಕ್ಕೆ ಇಪ್ಪತ್ತಾರಾದರೂ ಬಾರದೇ? ಔಷಧಿಯ ಪ್ರಮಾಣವನ್ನು ಕಣ್ಣು ಮುಚ್ಚಿ ಲೆಕ್ಕ ಹಾಕುವವಳು ಹೊಟ್ಟೆಕಿಚ್ಚಿನಲ್ಲಿ ಹೀಗೆ ಲೆಕ್ಕ ಹಾಕಿದಳು.

“ಅತ್ತೆ, ಈ ತಿಂಗಳು ನಾನೇ ಬರ್ತೀನಿ. ಪೆಟ್ರೋಲ್ ಎಷ್ಟು ಉಳಿಸ್ತೀನಿ ನೋಡಿ,” ಎಂದಳು. ಅತ್ತೆ ಕಿರಿಸೊಸೆಯ ಮುಖ ನೋಡಿದರು. ಆ ನೋಟವೂ ಇವಳಿಗೆ ಚುಚ್ಚಿತು.

ಅರ್ಧ ಗಂಟೆ ಮುಂಚೆ ಹೊರಟದ್ದು ಸಾಕೆಂದುಕೊಂಡಳು. ಹೆದ್ದಾರಿಗೆ ಬಂದು ವೇಗವನ್ನು ನಲವತ್ತರಲ್ಲೇ ಹಿಡಿದಳು. ಎಸಿ ಬಂದ್. ಕಿಟಕಿ ತೆರೆದರೆ ಗಾಳಿ ನುಗ್ಗಿ ಮೈಲೇಜು ತಿನ್ನುತ್ತದೆಂದು ಅದೂ ಬಂದ್. ಇಬ್ಬರೂ ಬೆವೆತು ತೊಪ್ಪೆಯಾದರು. ಮೇಲಿನ ಗೇರಿನಲ್ಲಿ ಕಾರು ಕೆಮ್ಮಿತು, ಮೂರಕ್ಕೆ ಇಳಿಸಿದಳು. ಹಿಂದೆ ಲಾರಿಗಳು ಬೊಬ್ಬೆ ಹಾಕಿದಾಗಲೆಲ್ಲ ಬೆದರಿ ಮುನ್ನುಗ್ಗಿಸುವುದು, ಅವು ದಾಟಿದ ಮೇಲೆ ಬ್ರೇಕ್ ಒತ್ತುವುದು. ಟ್ರ್ಯಾಕ್ಟರ್ ಒಂದು ಪಕ್ಕದಲ್ಲೇ ದಾಟಿತು; ಅದರ ಮೇಲಿದ್ದವನು ತಿರುಗಿ ನೋಡಿ ಹಲ್ಲು ಕಿರಿದ.

“ಗಾಡಿ ಕೆಟ್ಟಿದೆಯೇನಮ್ಮಾ?” ಅತ್ತೆ ಮೆಲ್ಲಗೆ ಕೇಳಿದರು.

“ಇಲ್ಲ ಅತ್ತೆ. ಉಳಿಸ್ತಿದೀನಿ.”

ಅತ್ತೆ ಸೀಟಿನ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡರು.

ಆಸ್ಪತ್ರೆ ತಲುಪಿದಾಗ ಪರದೆ ತೋರಿಸಿದ್ದು ಹದಿನಾಲ್ಕು. ಹಾರಿಸಿದಾಗಿನದಕ್ಕಿಂತಲೂ ಕಮ್ಮಿ! ಕೆಳಗಿನ ಗೇರು, ಗಳಿಗೆಗೊಮ್ಮೆ ಒತ್ತಿದ ಬ್ರೇಕು ಎಲ್ಲಾ ಸೇರಿ ಪೆಟ್ರೋಲ್ ಕುಡಿದಿದ್ದವು. ಒಳಗೆ ನರ್ಸ್, “ಈಗ ಬರ್ತಿದೀರಾ? ಡಾಕ್ಟರ್ ಆಗಲೇ ಎದ್ದು ಆಪರೇಷನ್‌ಗೆ ಹೋದ್ರು. ಇನ್ನು ನಾಳೆ ಬೆಳಿಗ್ಗೆ,” ಎಂದಳು. ಅದೇ ಹೊತ್ತಿಗೆ ಫೋನ್ ರಿಂಗಾಯಿತು. ಕಿರಿಸೊಸೆ.

ಹಿರಿಸೊಸೆ ಫೋನ್ ಹಿಡಿದು ಅತ್ತೆಯ ಮುಖ ನೋಡಿದಳು. ಅತ್ತೆ ಕೈಚಾಚಿ ಫೋನ್ ತೆಗೆದುಕೊಂಡರು. “ಆಗ್ಲಿಲ್ಲ ಕಣಮ್ಮಾ. ಡಾಕ್ಟರಿಗೆ ಏನೋ ಅವಸರದ ಕೆಲಸ ಬಂತಂತೆ. ನಮ್ಮ ತಪ್ಪೇನಿಲ್ಲ. ಊಟ ಮಾಡು ನೀನು.”

ಫೋನ್ ಹಿಂದಿರುಗಿಸಿದಾಗ ಹಿರಿಸೊಸೆಗೆ ಅಳು ಬಂದುಬಿಟ್ಟಿತು. “ಯಾಕತ್ತೆ ಹಾಗಂದ್ರಿ? ನನ್ನಿಂದ್ಲೇ ತಾನೆ ತಪ್ಪಿದ್ದು. ಅವಳಿಗಿಂತ ಜಾಸ್ತಿ ಮೈಲೇಜು ತೆಗೀಬೇಕು ಅಂತ...”

“ಪೆಟ್ರೋಲ್ ಮನೆ ಹಾಳಾಗ!” ಅತ್ತೆ ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. “ನೀನು ಜೋರಾಗಿ ಓಡಿಸಿದ್ರೆ ಕಂಬ, ಮರ ಎಲ್ಲಾ ಕಲಸಿಕೊಂಡು ಬರುತ್ತೆ ಈ ಕಣ್ಣಿಗೆ. ಹೊಟ್ಟೆ ತೊಳಸುತ್ತೆ. ಕಣ್ಣು ಮುಚ್ಚಿ ಕೂತ್ಕೊಳ್ತಿದ್ದೆ. ಸಂಬಳದ ರಜೆ ಕಳ್ಕೊಂಡು ಕರ್ಕೊಂಡು ಬರೋಳಿಗೆ ಓಡಿಸೋದು ಸರಿಯಿಲ್ಲ ಅಂತ ಹ್ಯಾಗೆ ಹೇಳೋದು? ಅದಕ್ಕೆ ಪೆಟ್ರೋಲ್ ಅಂದೆ.”

“ಇವತ್ತು ನಿಧಾನ ಇತ್ತಲ್ಲ?”

“ಇವತ್ತು ಲಾರಿಯೋರು ಜೀವ ತೆಗೆದ್ರು!”

ಅಳುತ್ತಲೇ ಹಿರಿಸೊಸೆ ನಕ್ಕಳು. ಬರುವಾಗ ಕಿಟಕಿ ಒಂದಿಷ್ಟು ಇಳಿಸಿ ಎಂಬತ್ತರಲ್ಲಿ ಬಂದಳು. ಅತ್ತೆ ಕಣ್ಣು ತೆರೆದುಕೊಂಡು, ತಮ್ಮ ಮೊದಲ ಕೆಲಸದ ಕಥೆ, ಅಲ್ಲಿನ ಗುಮಾಸ್ತ ಕುರ್ಚಿಯಿಂದ ಬಿದ್ದ ಕಥೆ ಹೇಳಿದರು. ಹಿರಿಸೊಸೆ ಅದನ್ನು ಹಿಂದೆಂದೂ ಕೇಳಿರಲಿಲ್ಲ. ಕಿರಿಯವಳು ಎಷ್ಟು ಸಲ ಕೇಳಿದ್ದಾಳೋ ಎಂದು ನಗುವಿನ ನಡುವೆಯೇ ಒಂದು ಕಿಡಿ ಹಾರಿತು.

ಮನೆಯ ಬಾಗಿಲಲ್ಲಿ ಕಿರಿಸೊಸೆ ಕಾದಿದ್ದಳು. ಅತ್ತೆ ಕೈಕಾಲು ತೊಳೆಯಲು ಒಳಗೆ ಹೋದ ಮೇಲೆ ಹಿರಿಸೊಸೆ ಕೀಲಿ ಅವಳ ಅಂಗೈಯಲ್ಲಿಟ್ಟಳು. “ನಾಳೆ ನೀನು ಕರ್ಕೊಂಡು ಹೋಗು. ನನಗೆ ರಜೆ ಸಿಗಲ್ಲ. ಡಾಕ್ಟರಿಗೆ ಅವಸರದ ಕೆಲಸ ಏನೂ ಬಂದಿರ್ಲಿಲ್ಲ, ನಾನೇ ತಡ ಮಾಡಿದ್ದು. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ.”

ಕಿರಿಸೊಸೆ ಕಣ್ಣರಳಿಸಿದಳು. “ನನ್ನ ಮೇಲಾ? ಅಕ್ಕಾ, ದಾರಿ ಉದ್ದಕ್ಕೂ ಅತ್ತೆದು ನಿಮ್ಮದೇ ಜಪ! ‘ಹಿರಿಯವಳಾದ್ರೆ ನೀರಿನ ಬಾಟಲಿ ತಂದಿರ್ತಿದ್ಲು, ಹಿರಿಯವಳಾದ್ರೆ ಮೆತ್ತನೆ ದಿಂಬು ಹಾಕ್ತಿದ್ಲು.’ ಕೇಳಿ ಕೇಳಿ ನನ್ನ ಹೊಟ್ಟೆ ಉರಿದುಹೋಗಿದೆ. ನಿಮಗಿಂತ ಒಂದರಲ್ಲಾದ್ರೂ ಮೇಲಿರೋಣ ಅಂತ ತಾನೇ ಆ ಮೈಲೇಜು ನೋಡ್ಕೊಂಡು ಅವರಿಗೆ ಹೇಳ್ತಿದ್ದೆ!”

ಹಿರಿಸೊಸೆ ಮುಖ ಗಂಭೀರವಾಗಿಟ್ಟುಕೊಂಡು, “ಅದಕ್ಕೆಲ್ಲಾ ಯಾರಾದ್ರೂ ಬೇಜಾರು ಮಾಡ್ಕೋತಾರಾ? ಹುಚ್ಚಿ,” ಎಂದು ಮೆಟ್ಟಿಲು ಹತ್ತಿದಳು. ನಾಲ್ಕು ಮೆಟ್ಟಿಲು ಹತ್ತಿ ನಿಂತಳು. ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ನೋಡಿಕೊಂಡು, ಕಂಬಿಯ ಮೇಲಿಂದ ಬಗ್ಗಿದಳು.

“ಏ, ಇಲ್ಲಿ ಕೇಳು. ಇನ್ನೇನು ಹೇಳಿದ್ರು?”