ಎರಡು ಸಲ ಎಣಿಸಿದ ಹಕ್ಕಿಗಳು

ಗುರುಗಳ ತಪ್ಪು ಕಣ್ಣಿಗೆ ಬೀಳುವುದೆಂದರೆ ಬಾಯಲ್ಲಿ ಬಿಸಿತುಪ್ಪ ಇದ್ದಂತೆ, ನುಂಗಲೂ ಆಗದು, ಉಗುಳಲೂ ಆಗದು. ಗದಗಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಿಶಾತಳಿಗೆ ಅವತ್ತು ಮಧ್ಯಾಹ್ನ ಹಾಗೇ ಆಗಿತ್ತು.

ಸಂಶೋಧನಾ ಪತ್ರಿಕೆಯೊಂದು ಅವಳಿಗೆ ಒಂದು ಲೇಖನವನ್ನು ಪರಿಶೀಲನೆಗೆ ಕಳಿಸಿತ್ತು. ಬರೆದವರು ಯಾರೆಂದು ಓದುವವರಿಗೆ ಗೊತ್ತಾಗಬಾರದು, ಓದಿದವರು ಯಾರೆಂದು ಬರೆದವರಿಗೂ ಗೊತ್ತಾಗಬಾರದು. ಕಾಯಿದೆಯೇನೋ ಚೆಂದ. ಆದರೆ ಮಾಗಡಿ ಕೆರೆಯ ಹೆಬ್ಬಾತುಗಳ ಬಗ್ಗೆ ಬರೆಯುವವರು ನಾಡಿನಲ್ಲಿ ಎಷ್ಟು ಮಂದಿ ಇದ್ದಾರು? ಎರಡನೇ ಪುಟಕ್ಕೇ ಬರಹದೊಳಗೆ ಸಿದ್ದಾರೂಢ ಸರ್ ಅವರ ದನಿ ಕೇಳಿಸಿತು. ಅವಳ ಅಪ್ಪ, ಬೆಟಗೇರಿಯ ನೇಕಾರ ಮಕ್ತುಮಸಾಬನ ಮನೆಯಲ್ಲಿ ಪಟ್ಟುಹಿಡಿದು ಕೂತು, ಮಗಳನ್ನು ಓದಿಸಲು ಒಪ್ಪಿಸಿದ ಸರ್.

ಮಂಡಿನೋವಿನಿಂದ ಈ ಸಲ ಸರ್ ಕೆರೆಗೆ ಹೋಗಿರಲಾರರು. ವಿದ್ಯಾರ್ಥಿಗಳ ಒಂದು ಗುಂಪು ಕೆರೆಯಲ್ಲಿ ಎಣಿಸಿತ್ತು, ಇನ್ನೊಂದು ಹತ್ತಿರದ ಯಳವತ್ತಿಯ ಹೊಲಗಳಲ್ಲಿ. ಎರಡನ್ನೂ ಕೂಡಿಸಿಬಿಟ್ಟಿದ್ದರು. ಕೆರೆಯಲ್ಲಿ ತಂಗುವ ಹಕ್ಕಿಗಳೇ ಹೊಲಕ್ಕೆ ಮೇಯಲು ಹೋಗುತ್ತವೆ ಎಂದು ಅವಳಿಗೆ ಕಲಿಸಿದವರೇ ಅವರು! ಅಚ್ಚಾದ ಸಂಖ್ಯೆ ಕಲ್ಲಿನ ಮೇಲಿನ ಬರಹ. ಮುಂದಿನ ವರ್ಷ ಯಾರೋ ಸರಿಯಾಗಿ ಎಣಿಸಿದರೆ, ಅರ್ಧ ಹಕ್ಕಿ ಸತ್ತವು, ರೈತರೇ ವಿಷವಿಟ್ಟರು ಎಂದು ಊರಿನ ಮೇಲೆ ಗೂಬೆ ಕೂರುತ್ತದೆ.

ಅಷ್ಟರಲ್ಲಿ ಸರ್ ಅವರದೇ ಫೋನು.

"ಪೇಪರ್ ಮುಟ್ಟಿತೇನವಾ? ನಿನ್ನ ಹೆಸರು ನಾನಽ ಸೂಚಿಸೀನಿ. ರಿಟೈರ್ ಆಗೂಕಿಂತ ಮೊದಲ ಇದೊಂದು ಅಚ್ಚಾದ್ರ ಸಾಕು."

ನಿಶಾತ ಲೇಖನದ ಅಂಕಿಗಳ ಮೇಲೆ ಬೆರಳಿಟ್ಟಳು. "ಸರ್, ಕೆರ್ಯಾಗಿನ ಹಕ್ಕೀನಽ ಹೊಲದಾಗೂ ಎಣಿಸ್ಯಾರ್ರಿ."

"ಒಂದೀಟು ಹೆಚ್ಚುಕಮ್ಮಿ ಆಗಿರಬೇಕು."

"ಇಮ್ಮಡಿ ಆಗೇತ್ರಿ."

ಸರ್ ದನಿ ತಗ್ಗಿಸಿದರು, "ನೀ ಹೇಳದಿದ್ರ ಯಾರಿಗೂ ತಿಳಿಯೂದಿಲ್ಲ, ನಿಶಾತ." ಫೋನು ಕಟ್ಟಾಯಿತು.

ಅವಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಲೇಖಕರು ಗೊತ್ತಾದ ಮೇಲೆ ಪರಿಶೀಲಿಸುವಂತಿಲ್ಲ. ಅವರು ನನ್ನ ಗುರುಗಳು, ನಾನು ಹಿಂದೆ ಸರಿಯುತ್ತೇನೆ ಎಂದು ಸಂಪಾದಕರಿಗೆ ಬರೆದಳು. ಕೈ ತೊಳೆದುಕೊಂಡೆ ಎಂದುಕೊಳ್ಳುವಷ್ಟರಲ್ಲಿ ತೆರೆಯ ಮೇಲೆ ಇನ್ನೊಂದು ಪ್ರಶ್ನೆ ಮೂಡಿತು: ನಿಮ್ಮ ಬದಲಿಗೆ ಯಾರನ್ನು ಸೂಚಿಸುತ್ತೀರಿ?

ಇಬ್ಬರು ನೆನಪಾದರು. ಇಲಿಯಾಸ, ಯಾರು ಏನು ಬರೆದರೂ 'ಉತ್ತಮ' ಎಂದು ಬೆನ್ನು ತಟ್ಟುವ ಸಜ್ಜನ. ಮುಂಡರಗಿಯ ಅಂಕಿತಾ, ಸರ್ ಶಿಷ್ಯೆಯಲ್ಲ, ಆದರೆ ಅದೇ ಕೆರೆಯ ದಂಡೆಯಲ್ಲಿ ನಿಂತು ಎಣಿಸಿದವಳು, ಕಡ್ಡಿ ಮುರಿದಂತೆ ಮಾತಾಡುವವಳು. ಇಲಿಯಾಸನ ಹೆಸರು ಟೈಪಾಯಿತು. ನಿಶಾತ ಅದನ್ನೇ ನೋಡುತ್ತ ಕೂತಳು. ಕೊನೆಗೆ ಅಳಿಸಿ, ಅಂಕಿತಾ ಎಂದು ಬರೆದು ಕಳಿಸಿಬಿಟ್ಟಳು.

ಕೂಡಲೇ ಸರ್‌ಗೆ ಫೋನು ಮಾಡಿದಳು. "ನಾ ಹಿಂದಕ್ಕ ಸರದೀನ್ರಿ. ಕೆರಿ ಕಂಡವರ ಹೆಸರು ಕೊಟ್ಟೀನಿ."

"ಯಾರದು?"

"ಹೇಳಾಕ ಬರೂದಿಲ್ರಿ. ಆದ್ರ ಅವರು ಬಿಡೂದಿಲ್ಲ. ಅದಕ್ಕೂ ಮೊದಲ ನೀವಽ ಪೇಪರ್ ವಾಪಸ್ ತಗೋರಿ, ತಿದ್ದಿ ಕಳಸ್ರಿ. ಕೆರಿಗೆ ನಾ ಬರ್ತೀನಿ ನಿಮ್ಮ ಜೋಡಿ."

"ನಿನ್ನ ಹೆಸರು ಕೊಟ್ಟು ತಪ್ಪು ಮಾಡಿದೆ ನೋಡು," ಅಂದರು ಸರ್.

"ಇಲ್ರಿ ಸರ್," ಎಂದಳು ನಿಶಾತ, ಕಣ್ಣೊರೆಸಿಕೊಳ್ಳುತ್ತ. "ಆ ಪೇಪರಿನ ವಿಷಯದಾಗ ನೀವು ಬರೋಬರಿ ಮಾಡಿದ್ದು ಅದೊಂದಽ."