ಪೆನ್‌ಡ್ರೈವ್‌ನಲ್ಲಿದ್ದ ಮಗಳು

ಅಂಗಡಿಯವರು ಹಾಕಿದ ಚಿತ್ರ ನೋಡಿ ಟೀವಿ ಕೊಳ್ಳುವವನು ಶುದ್ಧ ಪೆದ್ದ ಎಂಬುದು ಪೇಂಟರ್‌ನ ಖಚಿತ ಅಭಿಪ್ರಾಯ. ಗಿಳಿ, ಹೂವು, ನೀಲಿ ಸಮುದ್ರ; ಸಾಲದ್ದಕ್ಕೆ ಬೆಳಕನ್ನು ಕಣ್ಣಿಗೆ ರಾಚುವಷ್ಟು ಏರಿಸಿಟ್ಟಿರುತ್ತಾರೆ. ಎಂಥ ಡಬ್ಬ ಟೀವಿಯೂ ಅಲ್ಲಿ ಮಿಂಚುತ್ತದೆ. ಗೋಡೆಗೆ ಬಣ್ಣ ಬಳಿದೇ ತಲೆ ನರೆತ ತನ್ನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ ಎಂದು ಅವನು ದಾರಿಯುದ್ದಕ್ಕೂ ಹೆಂಡತಿಯ ತಲೆ ತಿಂದಿದ್ದ. ಚೆನ್ನಾಗಿ ಗೊತ್ತಿರುವ ಮುಖ ಹಾಕಿ ನೋಡಬೇಕು, ಆಗ ಟೀವಿಯ ಬಂಡವಾಳ ಬಯಲಾಗುತ್ತದೆ. ಅದಕ್ಕೇ ಜೇಬಿನಲ್ಲಿ ಪೆನ್‌ಡ್ರೈವ್ ಇತ್ತು.

ಆ ಮುಖ ಮಗಳದು. ಕೊನೆಯ ಸಲ ಗಂಡನ ಜೊತೆ ತವರಿಗೆ ಬಂದಾಗ ಪೇಂಟರ್ ತಾನೇ ಫೋನಿನಲ್ಲಿ ತೆಗೆದ ವಿಡಿಯೊ. ಆಮೇಲೆ ಅವಳು ಗಂಡನ ಮನೆಯ ಮೆಟ್ಟಿಲಿಂದ ಜಾರಿ ಬಿದ್ದು ತೀರಿಕೊಂಡಳು. ಅಳಿಯ ಹಾಗೆಂದ, ಎಲ್ಲರೂ ನಂಬಿದರು. ಹೆಂಡತಿ ಆ ವಿಡಿಯೊ ನೋಡಲು ಒಪ್ಪಿರಲೇ ಇಲ್ಲ. ದೊಡ್ಡದಾಗಿ ಕಂಡರೆ ಅವಳ ಮನಸ್ಸು ಹಗುರಾದೀತು ಎಂದೇ ಪಾಪ ಅವನು ಟೀವಿಗೆ ಹೊರಟದ್ದು.

ಸೇಲ್ಸ್‌ಮನ್ ಗೊಣಗುತ್ತಲೇ ಪೆನ್‌ಡ್ರೈವ್ ಸಿಕ್ಕಿಸಿದ. ಮೊದಲ ಟೀವಿಯಲ್ಲಿ ಮಗಳು ಟೊಮ್ಯಾಟೊ ಆಗಿದ್ದಳು. ಎರಡನೆಯದರಲ್ಲಿ ಕಾಮಾಲೆ ಹತ್ತಿದವಳು. ಮೂರನೆಯದರ ಬೆಳಕು ತಗ್ಗಿಸಲು ಹೇಳಿದ. ಆಗ ಅವಳೇ ಬಂದಳು, ಅದೇ ಗೋಧಿ ಬಣ್ಣ. ಅವನು ಇನ್ನೂ ಹತ್ತಿರ ಹೋದ.

ಕಿವಿಯ ಕೆಳಗೆ, ದವಡೆಯ ಅಂಚಿನಲ್ಲಿ ಬಣ್ಣ ಬೇರೆ ಇತ್ತು. ತೇವ ಹಿಡಿದ ಗೋಡೆಯ ಕಲೆ ಮುಚ್ಚಲು ಅವನೇ ಎಷ್ಟು ಸಲ ಹಾಗೆ ತೇಪೆ ಬಳಿದಿಲ್ಲ! ಮೇಲಿನದು ಎಷ್ಟೇ ನಯವಾಗಿರಲಿ, ಅಡಿಯ ಕಪ್ಪು ಇಣುಕುತ್ತದೆ. ಪೌಡರ್‌ನ ಅಡಿಯಲ್ಲಿ ಬೆರಳುಗಳ ಗುರುತಿತ್ತು. ಪಕ್ಕದಲ್ಲಿ ಅಳಿಯ ನಗುತ್ತ ಕೂತಿದ್ದ. ಆ ದಿನ ಮಾರು ದೂರದಲ್ಲಿ ಫೋನ್ ಹಿಡಿದು ನಿಂತು, ನೀನೂ ಸ್ವಲ್ಪ ನಗಬಾರದೇನೇ ಎಂದು ಅವಳನ್ನು ಗದರಿದವನು ತಾನೇ.

ಇದು ಹೆಂಡತಿಗೆ ಕಾಣಕೂಡದು, ಹೆತ್ತ ಕರುಳು ತಡೆಯಲಾರದು. ಟೀವಿಗೆ ಅಡ್ಡ ನಿಂತು, ಇದಕ್ಕಿಂತ ಮಸುಕಾಗಿ ಕಾಣುವುದು ಇದ್ದರೆ ತೋರಿಸು ಎಂದ. ಎಲ್ಲಿಯ ತಲೆಕೆಟ್ಟವನು ಗಂಟುಬಿದ್ದನಪ್ಪಾ ಎಂಬಂತೆ ಸೇಲ್ಸ್‌ಮನ್ ನೋಡಿದ.

ಹೆಂಡತಿ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಮಗಳನ್ನು ಬಹಳ ಹೊತ್ತು ನೋಡಿದಳು.

"ಮಸುಕು ಯಾಕೆ?" ಅಂದಳು. "ಪೌಡರ್ ಹಚ್ಚಿದ್ದೇ ನಾನು. ವಾಪಸ್ ಕಳಿಸ್ಬೇಡಮ್ಮ ಅಂತ ಅತ್ಲು. ನಿಮ್ಮಪ್ಪಂಗೆ ಮರ್ಯಾದೆನೇ ದೊಡ್ಡದು, ಸುಮ್ನೆ ಹೊರಡು ಅಂದೆ."

ತಾನು ಹಾಗೆ ಕಳಿಸುತ್ತಿರಲಿಲ್ಲ ಎನ್ನಲು ಅವನು ಬಾಯಿ ತೆರೆದ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.